ಉಪ್ಪಿನ ದ್ವೀಪದ ಕೊಂಬುಗಳು

ನಾನು ಪಶುವೈದ್ಯೆ, ಧಾರವಾಡದ ಕಡೆಯವಳು. ಎಮ್ಮೆ ಆಕಳುಗಳ ಮೇಲೆ ಕಲಿತ ವಿದ್ಯೆ ಕಟ್ಟಿಕೊಂಡು ಅಬುಧಾಬಿಗೆ ಬಂದಾಗ ಕೆಲಸ ಸಿಕ್ಕಿದ್ದು ಅಲ್ಲಿಂದ ಪಶ್ಚಿಮಕ್ಕಿರುವ ಒಂದು ದ್ವೀಪದಲ್ಲಿ. ದ್ವೀಪದ ಬಹುಪಾಲು ಸಂರಕ್ಷಿತ ವನ. ನೆಲದಾಳದ ಉಪ್ಪು ಲಕ್ಷಾಂತರ ವರ್ಷ ಒತ್ತಿ ಒತ್ತಿ ಮೇಲೆದ್ದು ಆ ದ್ವೀಪವಾಗಿದೆಯಂತೆ. ಏಳುವಾಗ ಯಾವುದೋ ಕಾಲದ ಜ್ವಾಲಾಮುಖಿಯ ಕಲ್ಲುಗಳನ್ನೂ ಹೊತ್ತು ತಂದಿದೆ. ನಡುವಿನ ಗುಡ್ಡಗಳೆಲ್ಲ ಕಪ್ಪು, ನೇರಳೆ, ಒಣಗಿದ ರಕ್ತದ ಬಣ್ಣ. ಕೈಯಿಟ್ಟರೆ ಚರ್ಮ ಕೊಯ್ಯುವಷ್ಟು ಚೂಪು.

ಪ್ರವಾಸಿಗರು ಜೀಪಿನಲ್ಲಿ ಬಂದು ಚಿಗರಿ, ಜಿರಾಫೆ, ಚೀತಾಗಳನ್ನು ನೋಡಿ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಬಳಿಗೆ ಬರುತ್ತಿದ್ದುದು ಸೀಳಿದ ಹೊಟ್ಟೆ, ಮುರಿದ ದವಡೆ, ಹಿಂಡಿನ ಕಾಲ್ತುಳಿತಕ್ಕೆ ಸಿಕ್ಕಿದ ಮರಿ. ಎಲ್ಲಕ್ಕಿಂತ ಹೆಚ್ಚು ಹೊಡೆದಾಡುತ್ತಿದ್ದವು ಓರಿಕ್ಸ್ ಎಂಬ ಮರುಭೂಮಿಯ ಚಿಗರಿಗಳು. ಹಾಲಿನಂಥ ಬಿಳಿ ಮೈ, ಕಪ್ಪು ಮುಖ, ಭರ್ಚಿಯಂತೆ ನೇರವಾದ ಎರಡು ಕೊಂಬು.

ನನ್ನ ಜೊತೆಗಿದ್ದವರು ಉಡುಪಿ ಕಡೆಯ ಒಬ್ಬ ಡ್ರೈವರ್. ನನಗಿಂತ ತುಂಬ ಹಿರಿಯರು. ಅಬುಧಾಬಿ ಪಕ್ಕದ ಮುಸಫ್ಫಾದಲ್ಲಿ ಟ್ರಕ್ ಓಡಿಸಿ ಬೇಸತ್ತು ದ್ವೀಪಕ್ಕೆ ಬಂದಿದ್ದರು. ಗಾಡಿ ಓಡಿಸುವುದಲ್ಲದೆ, ಮಲಗಿಸಿದ ಪ್ರಾಣಿಯನ್ನು ಹಿಡಿದುಕೊಳ್ಳುವುದೂ ಅವರ ಕೆಲಸವಾಗಿತ್ತು. ಹೆಂಡತಿ ದುಬೈನಲ್ಲಿ, ಕರಾಮದ ಫ್ಲ್ಯಾಟಿನಲ್ಲಿದ್ದರು.

ಆ ಬೆಳಿಗ್ಗೆ ಕಪ್ಪು ಕಲ್ಲಿನ ಕಣಿವೆಯಲ್ಲಿ ಎರಡು ಗಂಡು ಓರಿಕ್ಸ್ ಕಾದಾಡುತ್ತಿವೆಯೆಂದು ವಾಕಿಟಾಕಿಯಲ್ಲಿ ಸುದ್ದಿ ಬಂತು. ನಾವು ಹೋಗುವಷ್ಟರಲ್ಲಿ ಒಂದು ಸೋತಿತ್ತು. ಕುತ್ತಿಗೆ ಹರಿದು ಮುಂಗಾಲಿನವರೆಗೆ ರಕ್ತ ಇಳಿದಿತ್ತು. ಗೆದ್ದದ್ದು ಗುಡ್ಡದ ಆಚೆ ಇಳಿದು ಮರೆಯಾಯಿತು.

ಗಾಯಗೊಂಡದ್ದಕ್ಕೆ ಗಾಡಿಯಿಂದಲೇ ಸೂಜಿ ಬಂದೂಕಿನಲ್ಲಿ ಮತ್ತಿನ ಮದ್ದು ಹೊಡೆದೆ. ಸ್ವಲ್ಪ ಹೊತ್ತು ತೂರಾಡಿ ಕುಸಿದು ಕೂತಿತು. ಹಾಗೆ ಕೂತ ಪ್ರಾಣಿ ಮಗ್ಗುಲಿಗೆ ಉರುಳಿದರೆ ಹೊಟ್ಟೆಯುಬ್ಬಿ ಸಾಯುತ್ತದೆ, ಯಾರಾದರೂ ಆನಿಸಿ ಹಿಡಿಯಲೇಬೇಕು. ಅವರು ಇಳಿದು ಹೋಗಿ ಅದರ ಕಣ್ಣಿಗೆ ಬಟ್ಟೆ ಕಟ್ಟಿ ತಮ್ಮ ಮೊಣಕಾಲಿಗೆ ಒರಗಿಸಿಕೊಂಡರು. ನಾನು ಔಷಧದ ಪೆಟ್ಟಿಗೆ ತೆಗೆಯಲು ಗಾಡಿಯ ಹಿಂದಕ್ಕೆ ಹೋದೆ.

ಕಲ್ಲು ಉರುಳಿದ ಸದ್ದು ಕೇಳಿ ತಿರುಗಿದೆ. ಗೆದ್ದದ್ದು ವಾಪಸು ಬಂದಿತ್ತು. ಸೋತವನನ್ನು ಮುಗಿಸಲು ಬಂದದ್ದಿರಬೇಕು. ಅಡ್ಡ ಸಿಕ್ಕಿದ್ದು ಮನುಷ್ಯ. ತಲೆ ತಗ್ಗಿಸಿ ಒಂದೇ ಓಟಕ್ಕೆ ಬಂದು ಅವರ ತೊಡೆಗೆ ಕೊಂಬು ಹಾಕಿ ಎತ್ತಿ ಒಗೆಯಿತು. ಕಲ್ಲಿನ ಮೇಲೆ ಬಿದ್ದ ಸದ್ದಷ್ಟೇ ಕೇಳಿಸಿತು. ಅದು ಮತ್ತೆ ಹಾಯಿತು, ಈ ಸಲ ಪಕ್ಕೆಗೆ.

ನಾನು ಕಿರುಚಿದೆ. ಕೈಗೆ ಸಿಕ್ಕಿದ ಪೆಟ್ಟಿಗೆಯನ್ನೇ ಎಸೆದೆ. ಅದು ನನ್ನ ಕಡೆ ನೋಡಲೂ ಇಲ್ಲ. ಮದ್ದು ಹೊಡೆದರೆ ಹತ್ತಲು ಹೊತ್ತು ಬೇಕು, ಅಷ್ಟು ಹೊತ್ತು ಅವರಿಗಿರಲಿಲ್ಲ. ಸ್ಟೀರಿಂಗ್ ಹಿಂದೆ ಕೂತು ಗಾಡಿಯನ್ನು ನೇರ ಅದರ ಮೇಲೆ ಬಿಟ್ಟೆ.

ಮೂಳೆ ಮುರಿದದ್ದು ಪಾದದಡಿ ಗೊತ್ತಾಯಿತು. ಸೊಂಟ ಮುರಿದರೂ ಅದು ಮುಂಗಾಲುಗಳ ಮೇಲೆ ತೆವಳಿ ಬಂದು ಬಂಪರನ್ನು ಕೊಂಬಿನಿಂದ ತಿವಿಯಿತು. ಸೀಟಿನ ಹಿಂದೆ ಬೀಗ ಹಾಕಿಟ್ಟಿದ್ದ ರೈಫಲ್ ತೆಗೆದು ತಲೆಗೆ ಗುಂಡಿಟ್ಟು ಕೊಂದೆ. ಉಳಿಸಿಕೊಳ್ಳಬೇಕೆಂದು ಇಡೀ ದೇಶ ಕಾಯುವ ಪ್ರಾಣಿ. ಆ ಗಳಿಗೆಯಲ್ಲಿ ನನಗೆ ಸಿಟ್ಟು ಬಿಟ್ಟು ಬೇರೇನೂ ಇರಲಿಲ್ಲ.

ಅವರ ತಲೆಗೆ ಸುತ್ತಿದ್ದ ರುಮಾಲಿನಿಂದಲೇ ತೊಡೆಯನ್ನು ಬಿಗಿದು ಕಟ್ಟಿದೆ. ಎಳೆದು ಸೀಟಿಗೆ ಹತ್ತಿಸಿದೆ. ಹೆಲಿಕಾಪ್ಟರ್ ಕಳಿಸಲು ವಾಕಿಟಾಕಿಯಲ್ಲಿ ಹೇಳಿದೆ. ಸ್ಟಾರ್ಟ್ ಮಾಡುವಾಗ ಅವರು ನನ್ನ ತೋಳು ಹಿಡಿದರು.

"ಮೇಡಂ, ಆ ಪಾಪದ್ದು ಬಿಸಿಲಲ್ಲಿ ಸಾಯ್ತದೆ. ಅದಕ್ಕೆ ಎಬ್ಬಿಸುವ ಇಂಜೆಕ್ಷನ್ ಕೊಡಿ."

"ಸುಮ್ನ ಕೂಡ್ರಿ. ನಿಮ್ಮ ರಕ್ತ ನಿಂತಿಲ್ಲ."

"ನಾನೆಲ್ಲಿಗೆ ಹೋಗ್ತೇನೆ ಮಾರ್ರೆ, ಇಲ್ಲೇ ಉಂಟಲ್ಲ. ಒಂದು ಸೂಜಿ ಹಾಕ್ಲಿಕ್ಕೆ ಎಷ್ಟು ಹೊತ್ತು. ಯಲ್ಲಾ, ಹೋಗಿ."

ಇಳಿದು, ಎಸೆದಿದ್ದ ಪೆಟ್ಟಿಗೆಯಿಂದ ಇಂಜೆಕ್ಷನ್ ತೆಗೆದುಕೊಂಡು ಓಡಿದೆ. ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ, ಕಣ್ಣಿನ ಬಟ್ಟೆ ಕಿತ್ತು ಗಾಡಿಗೆ ಮರಳಿದೆ. ಗಾಡಿ ತಿರುಗಿಸುವಷ್ಟರಲ್ಲಿ ಅದು ಎದ್ದು ನಿಂತಿತ್ತು. ನಾಲ್ಕು ಹೆಜ್ಜೆ ತೂರಾಡಿತು. ಓಡಿಹೋಗುತ್ತದೆ ಅಂದುಕೊಂಡೆ. ಅದು ಹೋದದ್ದು ಸತ್ತು ಬಿದ್ದ ಇನ್ನೊಂದರ ಹತ್ತಿರ. ಮೂಸಿತು. ಆಮೇಲೆ ತಲೆ ತಗ್ಗಿಸಿ ಆ ಹೆಣದ ಹೊಟ್ಟೆಗೆ ಕೊಂಬು ಇಳಿಸಿತು. ಕಿತ್ತು ಮತ್ತೆ ಇಳಿಸಿತು. ತನ್ನ ಕುತ್ತಿಗೆಯಿಂದ ರಕ್ತ ಸುರಿಯುತ್ತಿದ್ದರೂ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಅವರು ಕಣ್ಣು ಮುಚ್ಚಿಕೊಂಡರು.

ಅಬುಧಾಬಿಯ ಆಸ್ಪತ್ರೆಯಲ್ಲಿ ಅವರ ಜೀವ ಉಳಿಯಿತು. ಒಂದು ಮೂತ್ರಪಿಂಡ ತೆಗೆದರು, ಕಾಲು ಪೂರ್ತಿ ಮಡಚಲಾಗದಂತಾಯಿತು. ನೋಡಲು ಹೋದಾಗ ಅವರ ಹೆಂಡತಿ ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಬಂದರು.

"ಇವರು ರಕ್ತ ಹೋಗಿ ಬಿದ್ದಿರುವಾಗ ನೀವು ಪ್ರಾಣಿಗೆ ಇಂಜೆಕ್ಷನ್ ಕೊಡ್ಲಿಕ್ಕೆ ಹೋದ್ರಂತೆ, ಹೌದಾ?"

"ಹೌದ್ರಿ. ಅವರೇ ಕೊಡ್ರಿ ಅಂದ್ರು."

"ಅವರು ಹೇಳ್ತಾರೆ. ಅವರಿಗೆ ಬುದ್ಧಿ ಇಲ್ಲ. ನಿಮಗೆ ಮನೆಯವರು ಯಾರೂ ಇಲ್ವಾ?"

ಆಕೆ ಹೊಡೆದಿದ್ದರೂ ನಾನು ನಿಂತುಕೊಳ್ಳುತ್ತಿದ್ದೆ. ಹೊಡೆಯಲಿಲ್ಲ. ನನ್ನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು, ಬಟ್ಟೆ ಹರಿಯುವಷ್ಟು ಬಲವಾಗಿ ತಿರುಚಿ, ಹಾಗೇ ಬಿಟ್ಟು ಒಳಗೆ ಹೋದರು. ಆಮೇಲೆ ನಡೆದ ವಿಚಾರಣೆಯಲ್ಲಿ ಪ್ರಾಣಿಯನ್ನು ಕೊಂದದ್ದು ಸರಿಯೆಂದು ಅಧಿಕಾರಿಗಳು ಬರೆದರು. ಇಂಜೆಕ್ಷನ್ ವಿಷಯ ಯಾರೂ ಕೇಳಲಿಲ್ಲ.

ಗುತ್ತಿಗೆ ಮುಗಿದಾಗ ನಾನು ದುಬೈಗೆ ಬಂದೆ. ಈಗ ನಾಯಿ ಬೆಕ್ಕುಗಳ ಕ್ಲಿನಿಕ್‌ನಲ್ಲಿದ್ದೇನೆ. ಡ್ರೈವರ್ ದ್ವೀಪಕ್ಕೇ ಮರಳಿದರು, ದೋಣಿಕಟ್ಟೆಯ ಉಗ್ರಾಣದ ಕೆಲಸಕ್ಕೆ. ಹೋದ ಚಳಿಗಾಲದಲ್ಲಿ ಒಂದು ಶುಕ್ರವಾರ ಕರಾಮದ ಹೋಟೆಲಿನಲ್ಲಿ ಗಂಡ ಹೆಂಡತಿ ಇಬ್ಬರೂ ಎದುರಾದರು. ಅವರೇ ಕೂಗಿ ಕರೆದು ಕೂರಿಸಿ ಚಹಾ ಹೇಳಿದರು.

ಆ ಓರಿಕ್ಸ್ ಏನಾಯಿತೆಂದು ಕೇಳಿದೆ.

"ಗಟ್ಟಿ ಉಂಟು ಮೇಡಂ. ಈಗ ಹಿಂಡಿಗೆಲ್ಲ ಅದೇ ಯಜಮಾನ. ಮೊನ್ನೆ ಒಂದು ಎಳೆ ಗಂಡನ್ನು ಬೇಲಿಗೆ ಒತ್ತಿ ಕೊಂದು ಹಾಕಿತು."

ಹೇಳುವಾಗ ಅವರ ಮುಖದಲ್ಲಿ ಏನೋ ಹೆಮ್ಮೆಯಿತ್ತು. ಹೆಂಡತಿ ತಟ್ಟೆಯಿಂದ ತಲೆ ಎತ್ತದೆ ಬನ್ಸ್ ಮುರಿಯುತ್ತಿದ್ದರು.