ಎಡಗಡೆ ಸ್ಟೇರಿಂಗಿನ ಮನೆ

ನಿವೃತ್ತಿಯ ನಂತರ ನನ್ನ ಗಂಡ ಮನೆಯಲ್ಲಿ ನೆಮ್ಮದಿಯಾಗಿ ಕೂತಿರುತ್ತಾರೆ ಎಂದು ನಾನು ನಂಬಿದ್ದೆ. ಅವರೂ ನಂಬಿದ್ದರು. ಪಶುವೈದ್ಯ ವೃತ್ತಿ ಮುಗಿಸಿದ ಮರುವಾರವೇ ನೆಲ್ಯಾಡಿ ಕಡೆಯ ರಬ್ಬರ್ ತೋಟದವರೊಬ್ಬರ ಶೆಡ್ಡಿನಿಂದ ಒಂದು ವ್ಯಾನನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಕಡಬದ ನಮ್ಮ ಅಂಗಳಕ್ಕೆ ತಂದರು. ಒಳಗೆ ಮಂಚ, ಒಲೆ, ಸಿಂಕು, ಫ್ರಿಜ್ಜು ಎಲ್ಲ ಇದ್ದ ಹಳೆಯ ಅಮೆರಿಕನ್ ಗಾಡಿ ಅದು. ಎಷ್ಟೋ ವರ್ಷಗಳ ಹಿಂದೆ ವಿದೇಶಿ ಜೋಡಿಯೊಂದು ಅದನ್ನು ಯುರೋಪಿನಿಂದ ರಸ್ತೆಯಲ್ಲೇ ಓಡಿಸಿಕೊಂಡು ಬಂದು, ಇಲ್ಲಿಯ ಒಂದು ಮಳೆಗಾಲ ಕಂಡು, ವಾಪಸು ವಿಮಾನ ಹತ್ತಿತಂತೆ. ಆಮೇಲೆ ತೋಟದವರು ಅದರಲ್ಲಿ ರಬ್ಬರ್ ಶೀಟು ತುಂಬಿಸಿಡುತ್ತಿದ್ದರು.

“ಇನ್ನು ಎಲ್ಲಿ ನಿಲ್ಲಿಸ್ತೇವೆಯೋ ಅದೇ ನಮ್ಮ ಮನೆ,” ಎಂದರು ಇವರು.

ವ್ಯಾನು ಎರಡು ವರ್ಷ ನಮ್ಮ ಅಂಗಳದಲ್ಲೇ ನಿಂತಿತು.

ಅದರ ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ನಮ್ಮ ಮಿಲಿಮೀಟರಿನ ಸ್ಪ್ಯಾನರುಗಳಲ್ಲಿ ಒಂದು ಸಡಿಲ, ಇನ್ನೊಂದು ಬಿಗಿ. ಕಾಣಿಯೂರಿನ ಮೆಕ್ಯಾನಿಕ್ ಬಂದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ, ಫೋಟೊ ತೆಗೆದುಕೊಂಡು ಹೋದ. ಬ್ರೇಕಿನ ರಬ್ಬರನ್ನು ಪುತ್ತೂರಿನಲ್ಲಿ ಅಳತೆ ಕೊಟ್ಟು ಮಾಡಿಸಬೇಕಾಯಿತು. ವ್ಯಾನಿನೊಳಗೆ ಅಷ್ಟು ವರ್ಷ ತುಂಬಿಟ್ಟಿದ್ದ ರಬ್ಬರಿನಿಂದ ಅದಕ್ಕೆ ಏನೂ ಪ್ರಯೋಜನವಿರಲಿಲ್ಲ, ವಾಸನೆಯೊಂದನ್ನು ಬಿಟ್ಟರೆ. ನಾನು ಲಿಂಬೆಹುಳಿ ಹಾಕಿ ತೊಳೆದೆ, ಧೂಪ ಹಾಕಿದೆ. ವಾಸನೆ ವ್ಯಾನನ್ನು ಬಿಡದೆ ನನ್ನ ಕೂದಲಿಗೂ ಬಂತು. ಫ್ರಿಜ್ಜನ್ನು ಇವರು ಮನೆಯ ಕರೆಂಟಿಗೆ ಜೋಡಿಸಿದರು. ಅದು ನಮ್ಮದರ ಅರ್ಧದಷ್ಟೇ ವೋಲ್ಟಿನ ಅಮೆರಿಕದ ಕರೆಂಟು ಕುಡಿದು ಬೆಳೆದದ್ದು. ನಮ್ಮದನ್ನು ಕುಡಿದ ಕೂಡಲೇ ಹೊಗೆ ಬಿಟ್ಟು ಸುಮ್ಮನಾಯಿತು. ಅದರಲ್ಲಿ ಈಗ ಉಪ್ಪಿನಕಾಯಿ ಭರಣಿಗಳಿವೆ.

ಕೊನೆಗೂ ಎಂಜಿನ್ ಶುರುವಾದ ದಿನ ಇವರು ಬಾನೆಟ್ಟಿಗೆ ಕಿವಿಯಿಟ್ಟು, ಹಸುವಿನ ಹೊಟ್ಟೆ ಪರೀಕ್ಷಿಸುವಂತೆ ಆಲಿಸಿ, “ಜೀರ್ಣಶಕ್ತಿ ಸರಿ ಉಂಟು,” ಎಂದರು. ಕೊಲ್ಲಮೊಗ್ರುವಿನ ನನ್ನ ಅಕ್ಕನ ಮನೆಗೆ ಮೊದಲ ಸವಾರಿ ಎಂದು ನಿಶ್ಚಯವಾಯಿತು.

ಹೊರಟ ಮೇಲೆಯೇ ನನಗೆ ಒಂದು ವಿಷಯ ಸರಿಯಾಗಿ ಅರ್ಥವಾದದ್ದು. ಸ್ಟೇರಿಂಗು ಎಡಗಡೆಗೆ, ನಾನು ಬಲಗಡೆಗೆ. ರಸ್ತೆಯಲ್ಲಿ ಎದುರಾದವರೆಲ್ಲ ನಾನೇ ಚಾಲಕಿ ಎಂದುಕೊಂಡು, ನನ್ನ ಖಾಲಿ ಕೈಗಳನ್ನು ಕಂಡು ಹೌಹಾರುತ್ತಿದ್ದರು. ಒಬ್ಬರು ಸ್ಕೂಟರನ್ನು ಚರಂಡಿಯ ಅಂಚಿಗೇ ಇಳಿಸಿದರು. ನಾನು ಕೈಮುಗಿದೆ. ಅದರಿಂದ ಅವರ ಗಾಬರಿ ಹೆಚ್ಚಿತು.

ಸುಬ್ರಹ್ಮಣ್ಯ ತಲುಪುವ ಮೊದಲೇ ಮರದ ಲಾರಿಯೊಂದು ನಮ್ಮ ಮುಂದೆ ಸಿಕ್ಕಿತು. ಅದನ್ನು ಹಿಂದೆ ಹಾಕಬೇಕಾದರೆ ಎದುರಿನ ರಸ್ತೆ ಕಾಣಬೇಕು. ಕಾಣುವುದು ನನಗೆ ಮಾತ್ರ. ಮದುವೆಯಾದಾಗಿನಿಂದ ಜಾಗ ಕೊಳ್ಳುವಾಗಲಾಗಲಿ, ಬಾವಿ ತೋಡಿಸುವಾಗಲಾಗಲಿ, ಈ ವ್ಯಾನು ತರುವಾಗಲಾಗಲಿ ಇವರು ನನ್ನನ್ನು ಕೇಳಿದವರಲ್ಲ. ಈಗಲೂ ಕೇಳಲಿಲ್ಲ. ಅಂದಾಜಿನ ಮೇಲೆ ವ್ಯಾನಿನ ಮೂತಿ ಹೊರಹಾಕಿದರು. ಎದುರಿಗೆ ಬಸ್ಸು. ಇವರು ಮತ್ತೆ ಎಡಕ್ಕೆ ಎಳೆದುಕೊಂಡರೂ ನನ್ನ ಕಡೆಯ ಕನ್ನಡಿ ಬಸ್ಸಿಗೆ ತಾಗಿ ಹಾರಿಹೋಯಿತು.

ಲಾರಿಯ ಹಿಂದೆ ಬಹಳ ಹೊತ್ತು ತೆವಳಿದ ಮೇಲೆ ಇವರು ರಸ್ತೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದರು:

“ಈಗ ಹೋಗುದಾ?”

ರಸ್ತೆ ಖಾಲಿಯೇ ಇತ್ತು. ಆದರೂ ನಾನು ಇನ್ನೊಂದು ತಿರುವು ದಾಟುವವರೆಗೆ ಸುಮ್ಮನೆ ಕೂತೆ. ಅಂಥ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡಲು ಮನಸ್ಸು ಬರಲಿಲ್ಲ.

“ಹೋಗಿ,” ಎಂದೆ.

ಅಲ್ಲಿಂದ ಮುಂದೆ ಪ್ರತಿ ಜೀಪಿಗೂ, ರಿಕ್ಷಾಕ್ಕೂ, ಅಡ್ಡ ಬಂದ ದನಕ್ಕೂ ಅವರು ಕೇಳಿದರು, ನಾನು ಅಪ್ಪಣೆ ಕೊಟ್ಟೆ.

ಅಕ್ಕನ ಮನೆಯವರು ವ್ಯಾನಿನ ಒಳಹೊರಗೆಲ್ಲ ನೋಡಿ ಮೆಚ್ಚಿದರು. ನಾನು ಹೊಲಿದ ಪರದೆಗಳನ್ನು ತೋರಿಸುತ್ತ ಇವರು “ನಾವು ಹೊಲಿದದ್ದು” ಎಂದರು. ಊಟವಾದ ಮೇಲೆ ನಾವು ಮಲಗಲು ವ್ಯಾನಿಗೆ ಹೊರಟಾಗ ಅಕ್ಕ ದಾರಿಗೆ ಅಡ್ಡ ನಿಂತಳು.

“ನೆಂಟರನ್ನು ಅಂಗಳದಲ್ಲಿ ಮಲಗಿಸಿದರೆ ನೋಡಿದವರು ಎಂತ ಹೇಳುದು? ನೀವು ಒಳಗೆ ಮಲಗಿ ಮಾರಾಯ್ರೆ. ಅದರಲ್ಲಿ ನಾವು ಮಲಗ್ತೇವೆ.”

ಇವರು ಏನೋ ಹೇಳಲು ಹೊರಟು, ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಭಾವ ಆಗಲೇ ದಿಂಬು ಹಿಡಿದು ವ್ಯಾನಿನ ಮೆಟ್ಟಿಲು ಹತ್ತಿದ್ದರು.

ಮರುದಿನ ಬಿಸಿಲು ಅಂಗಳಕ್ಕೆ ಇಳಿದರೂ ವ್ಯಾನಿನ ಬಾಗಿಲು ತೆರೆಯಲಿಲ್ಲ. ಯಾವಾಗಲೂ ನಸುಕಿನಲ್ಲೇ ಏಳುವ ಅಕ್ಕ ಒಳಗೆ ಜೋರಾಗಿ ಗೊರಕೆ ಹೊಡೆಯುತ್ತಿದ್ದಳು. ಇವರ ಹಲ್ಲುಜ್ಜುವ ಬ್ರಷ್ಷು ಒಳಗೇ ಇತ್ತು. ತಮ್ಮದೇ ಬಾಗಿಲು ತಟ್ಟಲು ಸಂಕೋಚಪಟ್ಟು ಅವರು ಅಂಗಳದಲ್ಲಿ ಶತಪಥ ಹಾಕುತ್ತಿದ್ದರು. ನಾನು ಅಕ್ಕನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಹುಡುಕಿ, ನಾಲ್ವರಿಗೂ ಕಾಫಿಗೆ ನೀರಿಟ್ಟೆ.