ಕೆಂಚಪ್ಪನ ಪೂರಾ ಹೇರು

ಆದಿವಾಲದ ಕೆಂಚಪ್ಪ ಓದಿದವನಲ್ಲ. ಆದರೆ ಕಲ್ಲಿನ ಓಟವನ್ನು ಅವನಷ್ಟು ಬಲ್ಲವರು ಹಿರಿಯೂರು ಸೀಮೆಯಲ್ಲೇ ಇರಲಿಲ್ಲ. ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ. ಆರು ವರ್ಷ ಅಲ್ಲಿಗೆ ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸಿದ್ದ. ಗುಡ್ಡದಿಂದ ಉರುಳುವ ಎರಡು ಕಲ್ಲು ಡಿಕ್ಕಿ ಹೊಡೆದರೆ ಯಾವುದು ಎತ್ತ ಸಿಡಿಯುತ್ತದೆಂದು ಮೊದಲೇ ಕೂಗಿ ಜನರನ್ನು ಸರಿಸುತ್ತಿದ್ದ. "ಗುದ್ದಿದ್ರೆ ಓಟ ಸಾಯಾದಿಲ್ಲ ಕಣ್ಲೇ, ಎರಡೂ ಹಂಚ್ಕೊಂಡು ಹೋಗ್ತಾವೆ," ಎನ್ನುತ್ತಿದ್ದ.

ಅಂಥವನ ಗಾಡಿಗೇ ಬಬ್ಬೂರಿನ ಕೂಡುದಾರಿಯ ಕೆಸರಿನಲ್ಲಿ ಜಟಕಾ ಬಂದು ಗುದ್ದಿತು. ಕಲ್ಲುಗಾಡಿ ಪಡುವಣಕ್ಕೆ ನಡೆಯುತ್ತಿತ್ತು. ಕಂತ್ರಾಟುದಾರ ನಾಗರಾಜಪ್ಪ ತಾನೇ ಕುದುರೆ ಹೊಡೆದುಕೊಂಡು ತೆಂಕಣಕ್ಕೆ ಬರುತ್ತಿದ್ದ. ಗಾಲಿಗೆ ಗಾಲಿ ಸಿಕ್ಕಿಕೊಂಡು ಎರಡೂ ಒಟ್ಟಿಗೇ ಜಾರಿ ಕಾಲುವೆಗೆ ಮಗುಚಿದವು. ನಾಗರಾಜಪ್ಪ ಮೊಣಕೈ ತರಚಿಕೊಂಡು ಎದ್ದ. ಹೇರಿನ ಮೇಲೆ ಕುಳಿತಿದ್ದ ಪಾಲಯ್ಯ, ಕೆಂಚಪ್ಪನ ಹೆಂಡತಿ ಗಂಗಕ್ಕನ ಒಬ್ಬನೇ ತಮ್ಮ, ಕಲ್ಲಿನಡಿ ಸತ್ತ.

ಆ ನಾಗರಾಜಪ್ಪನ ನಾಲಿಗೆಗೆ ಹುಳ ಬೀಳ! "ನಾನು ಮೆಲ್ಲಗೆ ಬರ್ತಿದ್ದೆ, ಇವನೇ ಎತ್ತು ಓಡಿಸ್ಕೊಂಡು ಅಡ್ಡ ಬಂದ," ಎಂದುಬಿಟ್ಟ. ಗಂಗಕ್ಕ ಮೂರು ದಿನ ಗಂಡನ ಮುಖ ನೋಡಲಿಲ್ಲ. ಶಿಕ್ಷೆಯಾದರೆ ಆಗಲಿ, ಅವಳೊಬ್ಬಳು ನಂಬಿದರೆ ಸಾಕಿತ್ತು ಕೆಂಚಪ್ಪನಿಗೆ.

ನಾಲ್ಕನೆಯ ದಿನ ಅಮಲ್ದಾರರು ಸ್ಥಳಕ್ಕೇ ಬಂದರು. ಅಲ್ಲಿಯ ತನಕ ಒಂದು ಕಲ್ಲೂ ಕಳೆಯದಂತೆ ತಳವಾರ ಕಾವಲಿದ್ದ. ಊರೆಲ್ಲ ನೆರೆಯಿತು, ಗಂಗಕ್ಕನೂ ಬಂದಳು. ಕೆಂಚಪ್ಪ ಒಣಗಿದ ಕೆಸರಿನ ಜಾಡು ತೋರಿಸಿದ.

"ನೋಡ್ರಿ ಸ್ವಾಮಿ, ಗುದ್ದಿದ ಮ್ಯಾಲೆ ಎರಡೂ ಪಡುವಣಕ್ಕೆ ಒಂದು ಮೊಳ, ತೆಂಕಣಕ್ಕೆ ಮೂರು ಮೊಳ ಹೋಗ್ಯಾವೆ. ಪಡುವಣದ ಓಟ ನಂದು, ತೆಂಕಣದ್ದು ಅವರದು. ನಾನು ಎತ್ತು ಓಡಿಸಿದ್ರೆ ಪಡುವಣಕ್ಕೇ ಹೆಚ್ಚು ಹೋಗ್ಬೇಕಾಗಿತ್ತಲ್ವ? ಹಗೂರದ ಜಟಕಾ ಇಷ್ಟು ಭಾರದ ಗಾಡೀನ ಪಕ್ಕಕ್ಕೆ ತಳ್ಳೈತೆ ಅಂದ್ರೆ ಎಂಥಾ ಜೋರಾಗಿ ಬಂದಿರ್ಬೇಕು!"

ಅಮಲ್ದಾರರು ತಲೆದೂಗಿದರು. ಗಂಗಕ್ಕ ತಲೆಯೆತ್ತಿ ಗಂಡನನ್ನು ನೋಡಿದಳು.

"ಅಷ್ಟು ಭಾರ ಅಂದೆಯಲ್ಲ, ಹೇರು ಎಷ್ಟಿತ್ತು?" ಎಂದು ಅಮಲ್ದಾರರು ಕೇಳಿದರು.

ಪೂರಾ ಹೇರೆಂದರೆ ನಲವತ್ತು ಕಲ್ಲು. ಅಷ್ಟು ಭಾರಕ್ಕೆ ಎತ್ತು ಸತ್ತಾವೆಂದು ಗಾಡಿಯವರೆಲ್ಲ ಅರ್ಧದಷ್ಟೇ ಹೇರಿ ಲೆಕ್ಕದಲ್ಲಿ ಪೂರಾ ಎಂದು ಬರೆಸುತ್ತಿದ್ದರು. ನಿಜ ಹೇಳಿದರೆ ಅಷ್ಟೂ ಜನರ ಕೆಲಸ ಹೋಗುತ್ತಿತ್ತು. ಅವರೆಲ್ಲ ಅಲ್ಲೇ ನಿಂತು ಇವನ ಬಾಯನ್ನೇ ನೋಡುತ್ತಿದ್ದರು.

"ಪೂರಾ ಹೇರು ಸ್ವಾಮಿ," ಎಂದ, ಬಿದ್ದ ಕಲ್ಲು ಎಣಿಸಿಯಾರೆಂದು ಯೋಚಿಸದ ಹಾಳಾದವನು.

ಕಾಲುವೆಯ ಕಲ್ಲು ಎಣಿಸಿದರು. ಇಪ್ಪತ್ತೆರಡು.

"ಇಪ್ಪತ್ತೆರಡಾದ್ರೂ ಜಟಕಾದ ಮೂರುಪಟ್ಟು ಭಾರ ಐತೆ ಸ್ವಾಮಿ! ನನ್ನ ಮಾತು ಈಗ್ಲೂ ಸರಿನೇ!" ಎಂದು ಕೆಂಚಪ್ಪ ಬಾಯಿ ಬಡಿದುಕೊಂಡ. ಯಾರು ಕೇಳುತ್ತಾರೆ? ಸುಳ್ಳುಗಾರ ಎಂದು ಬರೆಸಿ ಅಮಲ್ದಾರರು ಹೊರಟರು. ಯಾರನ್ನು ಉಳಿಸಲು ಸುಳ್ಳು ಹೇಳಿದನೋ ಆ ಗಾಡಿಯವರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ, ಥೂ!

"ಗಂಗೀ, ನೀನಾದ್ರೂ ಆ ಜಾಡು ನೋಡೇ," ಎಂದು ಅವಳ ಸೆರಗು ಹಿಡಿದ.

ಅವಳು ಸೆರಗು ಬಿಡಿಸಿಕೊಂಡಳು. "ನೋಡಿದೆ, ನಂಬಿಯೂ ಇದ್ದೆ. ಕಲ್ಲಿನ ಲೆಕ್ಕಕ್ಕೇ ಸುಳ್ಳು ಹೇಳಿದೋನು ನನ್ನ ತಮ್ಮನ ಜೀವಕ್ಕೆ ನಿಜ ಹೇಳ್ತೀಯ ಅಂತ ಈಗ ಹೆಂಗೆ ನಂಬ್ಲಿ?"

ಅಂದು ತೌರಿಗೆ ಹೋದವಳು ಅವನು ಸತ್ತಾಗಲೂ ಬರಲಿಲ್ಲ.