ಬ್ಯಾರನ್ನಿನಲ್ಲಿ ಉಬ್ಬಿದ ಬನ್ನು

ನನ್ನ ನಾದಿನಿ ಆ ವರ್ಷ ಮಹಾಲಯದ ಹಬ್ಬಕ್ಕೆ ಮೈಸೂರಿನಿಂದ ಕಟ್ಟೆಮಳಲವಾಡಿಗೆ ಬಂದಾಗ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಒಂದು ಓವನ್ ಕೂತಿತ್ತು.

"ಈ ಸಲ ಆಟಮ್ ಬನ್ ಮಾಡೋಣ ಅತ್ತಿಗೆ," ಎಂದಳು, ಚಪ್ಪಲಿ ಬಿಡುವ ಮೊದಲೇ.

"ಅಂಗಂದ್ರೆ ಏನವ್ವ?" ಎಂದು ನಮ್ಮತ್ತೆ ಕೇಳಿದರು.

"ಎಲೆ ಉದುರೋ ಕಾಲದಲ್ಲಿ ಮಾಡೋ ಬನ್ ಕಣಮ್ಮ. ಸಿಹಿಗುಂಬಳ, ಚಕ್ಕೆ, ಲವಂಗ, ಜಾಯಿಕಾಯಿ ಎಲ್ಲಾ ಹಾಕಿ."

ಅತ್ತೆ ಹಿತ್ತಿಲ ಹಲಸಿನ ಮರದ ಕಡೆ ನೋಡಿದರು. ಅದು ಹಸಿರಾಗಿ ಕೊಬ್ಬಿ ನಿಂತಿತ್ತು. ಈ ಮನೆಯಲ್ಲೇ ಹುಟ್ಟಿ, ಮದುವೆಯಾಗುವ ತನಕ ನಮ್ಮ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹುಡುಗಿಗೆ, ಈ ಕಾಲದಲ್ಲಿ ಇಲ್ಲಿ ಎಲೆ ಉದುರುವುದಿಲ್ಲ, ನಾವೇ ಬೆನ್ನು ಬಗ್ಗಿಸಿ ಮುರಿಯುತ್ತೇವೆ ಎಂಬುದು ಆರೇ ವರ್ಷದಲ್ಲಿ ಮರೆತುಹೋಗಿತ್ತು. ಅದಕ್ಕೆ ಕಾರಣ ಅವಳ ಮೊಬೈಲಿನೊಳಗೆ ಇದ್ದ ಒಬ್ಬ ಹೆಂಗಸು. ಬಿಳಿ ಅಡುಗೆಮನೆ, ಸ್ವೆಟರು, ಕಿಟಕಿಯಾಚೆ ಕೆಂಪು ಮರ. ಅವಳು ಹಿಟ್ಟು ನಾದುವಾಗ ಬೆರಳಿಗೆ ಒಂದು ಚೂರೂ ಅಂಟುತ್ತಿರಲಿಲ್ಲ. ಆ ಒಂದು ಕಾರಣಕ್ಕೇ ನನಗೆ ಅವಳ ಮೇಲೆ ನಂಬಿಕೆ ಬರಲಿಲ್ಲ.

ಚಕ್ಕೆ ಲವಂಗ ಕುಟ್ಟಿದ ಕೂಡಲೇ ಹಟ್ಟಿಯಿಂದ ನನ್ನ ಗಂಡ, "ಏನು, ಹಬ್ಬಕ್ಕೆ ಮುಂಚೇನೇ ಮಟನ್ನಾ?" ಎಂದು ಕೂಗಿದರು. ಸಿಹಿ ಬನ್ನಿಗೆ ಎಂದೆ. ಆಮೇಲೆ ಅವರು ಒಳಗೆ ಬರಲೇ ಇಲ್ಲ.

ನಾದಿನಿ ಮೊಬೈಲು ಹಿಡಿದಳು, ನಾನು ಹಿಟ್ಟು ನಾದಿದೆ. ಮೈದಾ, ಬೇಯಿಸಿ ಹಿಸುಕಿದ ಕುಂಬಳ, ಬೆಲ್ಲ, ಬೆಣ್ಣೆ, ಈಸ್ಟು. "ಇನ್ನೂ ಮೃದು ಆಗ್ಬೇಕು ಅತ್ತಿಗೆ, ಪ್ರೀತಿಯಿಂದ ಮಾಡಿ," ಎನ್ನುತ್ತಿದ್ದಳು. ಮೊಣಕೈ ತನಕ ಅಂಟಿಕೊಂಡಿದ್ದರಿಂದ ಪ್ರೀತಿಗೆ ಜಾಗವಿರಲಿಲ್ಲ. ಒಂದು ಗಂಟೆಯಲ್ಲಿ ಎರಡರಷ್ಟು ಉಬ್ಬುತ್ತದೆ ಎಂದು ಬಟ್ಟೆ ಮುಚ್ಚಿಟ್ಟಳು. ಹೊರಗೆ ಜಡಿಮಳೆ, ಶೀತಗಾಳಿ. ಎರಡು ಗಂಟೆಯಾದರೂ ಹಿಟ್ಟು ಇಟ್ಟ ಹಾಗೇ ಇತ್ತು.

"ನಿಮ್ಮ ಹುಣಸೂರಿನ ಮೈದಾನೇ ಸರಿ ಇಲ್ಲ," ಎಂದಳು. ಹುಟ್ಟಿದ ತಾಲ್ಲೂಕು ಅಷ್ಟು ಸಲೀಸಾಗಿ 'ನಿಮ್ಮದು' ಆಗಿತ್ತು. ನನಗೆ ಒಳಗೊಳಗೇ ಹಿಗ್ಗು. ಹಸುವಿಗೆ ಹಾಕೋಣ ಎಂದು ಪಾತ್ರೆ ಎತ್ತಿಕೊಂಡೆ.

ಅಷ್ಟರಲ್ಲಿ ಮಾವ ಕಾಫಿಗೆಂದು ಬಂದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹಿಂದಿನ ದಿನವಷ್ಟೇ ಸೊಪ್ಪು ತುಂಬಿ ಬೆಂಕಿ ಹಾಕಿದ್ದರಿಂದ ಊಟ ಕಾಫಿಗೆ ಬಿಟ್ಟರೆ ಅವರು ಅದರ ಬಾಗಿಲು ಬಿಟ್ಟು ಹೋಗುತ್ತಿರಲಿಲ್ಲ. ಬಟ್ಟೆ ಸರಿಸಿ ಹಿಟ್ಟನ್ನು ಅಂಗೈಯಿಂದ ಮುಟ್ಟಿದರು.

"ಇದ್ಕೆ ಚಳಿ ಆಗ್ಯದೆ ಕಣವ್ವ, ಅಷ್ಟೇಯ. ಸೊಪ್ಪು ಹಳದಿ ತಿರುಗಬೇಕಾದ್ರೂ ಇಂಗೇಯ. ಬೆಚ್ಚಗಿರಬೇಕು, ಒಸಿ ಬೆವರಬೇಕು. ಕೊಡಿಲ್ಲಿ."

"ಅಪ್ಪಾ, ಬ್ಯಾರನ್ನಲ್ಲಾ? ಹೊಗೆಸೊಪ್ಪಿನ ವಾಸನೆ ಹಿಡಿಯುತ್ತೆ!"

"ಹಿಡೀಲಿ ಬುಡು. ನೀನೂ ಅದೇ ವಾಸ್ನೇಲೆ ಬೆಳೆದಿದ್ದೀಯ."

ಪಾತ್ರೆಯನ್ನು ತಾವೇ ಒಯ್ದು, ನೇತುಬಿದ್ದ ಸೊಪ್ಪಿನ ಕೆಳಗೆ ಇಟ್ಟು, ಥರ್ಮಾಮೀಟರು ನೋಡಿ ಬಾಗಿಲು ಹಾಕಿದರು. ಒಂದು ಗಂಟೆ ಬಿಟ್ಟು ತಂದಾಗ ಹಿಟ್ಟು ಪಾತ್ರೆಯ ಅಂಚು ದಾಟಿ ಹೊಟ್ಟೆ ಬಿಟ್ಟುಕೊಂಡಿತ್ತು. ನಾದಿನಿ ನನ್ನ ಕಡೆ ತಿರುಗಿದಳು. "ನೋಡಿದ್ರಾ ಅತ್ತಿಗೆ, ನನ್ನ ಈಸ್ಟ್ ಎಷ್ಟು ಒಳ್ಳೇದು!" ಎಂದಳು.

ಕರೆಂಟು ಪುಣ್ಯಕ್ಕೆ ಎರಡು ತಟ್ಟೆ ಬೇಯುವ ತನಕ ಇತ್ತು. ಬನ್ನುಗಳು ಕಂದು ಬಣ್ಣಕ್ಕೆ ಬಂದವು. ಅತ್ತೆ ಕೈಚಾಚಿದರೆ, "ಮುಟ್ಟಬೇಡಮ್ಮ, ಫೋಟೋ ಆಗ್ಲಿ," ಎಂದಳು. ಫೋಟೋಗೆ ಬಿದ್ದ ಎಲೆ ಬೇಕಲ್ಲ. ಹಿತ್ತಿಲೆಲ್ಲ ಸುತ್ತಿ ಬರಿಗೈಯಲ್ಲಿ ಬಂದವಳು, ಸೀದಾ ಅಟ್ಟದ ಕೋಣೆಗೆ ಹೋಗಿ, ಮೊದಲ ಕಂತಿನಲ್ಲಿ ಬೇಯಿಸಿ ಹದಕ್ಕೆ ಇಟ್ಟಿದ್ದ ಹೊಗೆಸೊಪ್ಪಿನಲ್ಲಿ ಒಂದು ಮಡಿಲು ತಂದು ಮಂಚದ ಮೇಲೆ ಹರಡಿದಳು. ನಿಂಬೆಹಣ್ಣಿನ ಬಣ್ಣದ ಒಳ್ಳೊಳ್ಳೆಯ ಎಲೆಗಳು. ಅದರ ಮೇಲೆ ಬನ್ನು ಜೋಡಿಸಿ, ಮಂಚ ಹತ್ತಿ, ಇಳಿದು, ಮೊಣಕಾಲೂರಿ, ಅರ್ಧ ಗಂಟೆ ಫೋಟೋ ತೆಗೆದಳು. ಅತ್ತೆ ಬಾಯಿ ಚಪ್ಪರಿಸುತ್ತ ಕೂತೇ ಇದ್ದರು.

ಸಂಜೆಯೊಳಗೆ ಮೈಸೂರಿನ ಅವಳ ಗೆಳತಿಯರೆಲ್ಲ ಹೊಗಳಿ ಬರೆದರು. ಎಂಥ ಚೆಂದದ ಎಲೆ, ಯಾವ ಮರದ್ದು ಎಂದು ಒಬ್ಬಳು ಕೇಳಿದ್ದಳು. ನಾದಿನಿ ನನಗೆ ಓದಿ ಹೇಳಿ, "ನಮ್ಮ ತೋಟದ ಮರದ್ದು" ಎಂದು ಉತ್ತರ ಬರೆದಳು. ಹೊಗೆಸೊಪ್ಪು ಎನ್ನಲು ನಾಚಿಕೆ. ಅದೇ ಸೊಪ್ಪು ಅವಳನ್ನು ಮೈಸೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿತ್ತು. ನಾನು ಎದ್ದು ಬಂದೆ. ಮಾವ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಎಲೆ ಎತ್ತಿ, ಅಂಟಿದ ಬನ್ನಿನ ಪುಡಿಯನ್ನು ಊದಿ, ಮಡಚಿದ್ದನ್ನು ಬಿಡಿಸಿ ಇಡುತ್ತಿದ್ದರು. ಅವರು ಮಗಳನ್ನು ಬಯ್ಯಲಿಲ್ಲ. ಅದಕ್ಕೆ ಅವರ ಮೇಲೂ ನನಗೆ ಸಿಟ್ಟು ಬಂತು.

ಹಲ್ಲಿಲ್ಲದ ಅತ್ತೆ ಕೊನೆಗೂ ಬನ್ನನ್ನು ಕಾಫಿಯಲ್ಲಿ ಅದ್ದಿ ಮೂರು ತಿಂದರು. "ಮೆತ್ತಗದೆ ಕಣವ್ವ," ಎಂದು ನಾಲ್ಕನೆಯದಕ್ಕೆ ಕೈ ಹಾಕಿದರು.

ನಾನೂ ಅಡುಗೆಮನೆಯಲ್ಲಿ, ಬಾಗಿಲ ಮರೆಗೆ ನಿಂತು ತಿಂದೆ. ಬ್ಯಾರನ್ನಿನ ಒಣಹುಲ್ಲಿನಂಥ ಸಿಹಿ ಘಮಲು, ಮೇಲೆ ಚಕ್ಕೆಯ ಖಾರ. ಇನ್ನೊಂದು ತಿಂದೆ. ಅಷ್ಟರಲ್ಲಿ ನಾದಿನಿ ಒಳಗೆ ಬಂದಳು.

"ಹೇಗಿದೆ ಅತ್ತಿಗೆ?"

"ಉಪ್ಪು ಕಮ್ಮಿ," ಎಂದೆ.